ಗುಲ್ಮವಿಲ್ಲದ ಅಂಬುಜಕ್ಕ

ನನ್ನ ವಾರಗಿತ್ತಿ ಅಂಬುಜಮ್ಮನ ಹೊಟ್ಟೆಯೊಳಗೆ ಎಡಗಡೆ ಒಂದು ಅಂಗ ಕಡಿಮೆ ಇದೆ. ಗುಲ್ಮ ಅನ್ನುತ್ತಾರೆ ಅದಕ್ಕೆ. ನಾಲ್ಕು ವರ್ಷದ ಕೆಳಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತೆಗೆದುಹಾಕಿದರು. ನಮ್ಮೂರು ಕಲ್ಯದಲ್ಲಿ ಇದು ಎಲ್ಲರಿಗೂ ಗೊತ್ತು, ಡೇರಿಗೆ ಹಾಲು ಹಾಕಲು ನಿಂತವರೆಲ್ಲ ಆಡಿಕೊಂಡಾಗಿದೆ. ಗೊತ್ತಿಲ್ಲದವಳ ಹಾಗೆ ಬದುಕುತ್ತಿದ್ದವಳು ಅವಳೊಬ್ಬಳೇ. ಅವಳ ಕಥೆ ಹೇಳಲು ಕೂತರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬಂದರೆ ಬರಲಿ, ಸಿಟ್ಟಿನಲ್ಲೇ ಹೇಳುತ್ತೇನೆ.

ನಾನು ಲತಾಮಣಿ, ಈ ಊರಿನ ಆಶಾ ಕಾರ್ಯಕರ್ತೆ. ನನ್ನ ಬಾಯಿ ಜೋರು ಅಂತ ಊರು ಹೇಳುತ್ತದೆ. ಜೋರಿಲ್ಲದಿದ್ದರೆ ಇಲ್ಲಿ ಒಂದು ಮಗುವಿಗಾದರೂ ಹೊತ್ತಿಗೆ ಸರಿಯಾಗಿ ಚುಚ್ಚುಮದ್ದು ಬೀಳುತ್ತಿತ್ತೇ? ನನ್ನ ಗಂಡ ಜಯಕುಮಾರ್ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಾನೆ. ಅವನ ಅಣ್ಣ ಬೈರಪ್ಪನ ಹೆಂಡತಿಯೇ ಅಂಬುಜಕ್ಕ. ಎರಡು ಮನೆ, ಒಂದೇ ಅಂಗಳ. ಅಂಗಳದ ಆ ತುದಿಯಲ್ಲಿ ರೇಷ್ಮೆ ಹುಳು ಸಾಕುವ ಮನೆ.

ಅಂಬುಜಕ್ಕನಿಗೆ ನಲವತ್ತಾರು ವರ್ಷ. ಕಲ್ಯದಲ್ಲಿ ಟಿವಿಎಸ್ ಗಾಡಿ ಓಡಿಸಿದ ಮೊದಲ ಹೆಂಗಸು ಅವಳೇ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಬಂದಳೆಂದರೆ ಗಾಡಿ ಕಾಣುತ್ತಿರಲಿಲ್ಲ, ಸೊಪ್ಪಿನ ಗುಡ್ಡೆಯೇ ಹಾರನ್ ಹೊಡೆದುಕೊಂಡು ಬಂದ ಹಾಗಿರುತ್ತಿತ್ತು. ಹುಳು ಸಾಕುವುದರಲ್ಲಿ ಅವಳನ್ನು ಮೀರಿಸುವವರು ಸುತ್ತ ನಾಲ್ಕೂರಲ್ಲಿ ಇಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅವಳ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿದ ರೀಲರುಗಳು, ಗೂಡು ಕೊಂಡು ನೂಲು ತೆಗೆಯುವವರು, ಇದು ಯಾರ ಮನೆಯದು ಅಂತ ಕೇಳುತ್ತಿದ್ದರು. ಆಗ ಬೈರಪ್ಪ ಭಾವ ತಾನೇ ಬೆಳೆದವನ ಹಾಗೆ ಮೀಸೆ ಮೇಲೆ ಕೈಹಾಕುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ಆ ಗಾಡಿಯೇ ಅವಳನ್ನು ಬೀಳಿಸಿದ್ದು. ತೋಟದಿಂದ ಬರುವ ಇಳಿಜಾರಿನಲ್ಲಿ ಚಕ್ರ ಜಾರಿ, ಹ್ಯಾಂಡಲಿನ ತುದಿ ಎಡ ಪಕ್ಕೆಗೆ ಗುದ್ದಿತು. ಬಿದ್ದವಳು ಎದ್ದಳು, ಹೊರೆಯನ್ನು ಮತ್ತೆ ಕಟ್ಟಿದಳು, ಬಂದು ಹುಳಕ್ಕೆ ಸೊಪ್ಪು ಹಾಕಿದಳು. ಏನಾಯಿತೆಂದು ಕೇಳಿದರೆ "ಏನಿಲ್ಲ, ಎಡಭುಜ ಒಸಿ ಎಳೀತೈತೆ" ಅಂದಳು. ಮೂರು ಗಂಟೆಯಾದ ಮೇಲೆ ಅಂಗಳದಲ್ಲಿ ದೊಪ್ಪೆಂದು ಬಿದ್ದಳು. ಒಳಗೆ ಗುಲ್ಮ ಒಡೆದು ಹೊಟ್ಟೆಯ ತುಂಬ ರಕ್ತ. ಅದನ್ನು ತೆಗೆದದ್ದಕ್ಕೇ ಅವತ್ತು ಬದುಕಿದಳು. ನೋವು ನುಂಗಿಕೊಳ್ಳುವುದು ಅವಳ ಜಾಯಮಾನ, ಅದನ್ನು ಜನ ತಾಳ್ಮೆ ಅಂತ ಹೊಗಳುತ್ತಾರೆ. ನಾನು ಹೊಗಳುವುದಿಲ್ಲ.

ಹೊಲಿಗೆ ಬಿಚ್ಚಿಸಲು ಮಾಗಡಿ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಅಲ್ಲಿ ಡಾಕ್ಟರ್ ಶೀಬಾ ಇದ್ದರು. ರಾಮನಗರದವರು, ಅವರ ತಂದೆ ಗಫಾರ್ ಸಾಹೇಬರು ಇವತ್ತಿಗೂ ಗೂಡು ಬೇಯಿಸಿ ನೂಲು ತೆಗೆಯುವವರು. ಹುಳು ಸಾಕುವವಳೆಂದು ಗೊತ್ತಾದ ಕೂಡಲೇ ಅವರು ಕುರ್ಚಿ ಹತ್ತಿರ ಎಳೆದುಕೊಂಡು, ಚೀಟಿಯ ಹಿಂಬದಿಯಲ್ಲಿ ಒಂದು ಮನುಷ್ಯನ ಚಿತ್ರ ಬರೆದರು.

"ನೋಡಿ ಅಂಬುಜಮ್ಮ, ರೋಗದ ಜೊತೆ ಹೊಡೆದಾಡೋ ಬಿಳಿ ರಕ್ತಕಣ ಹುಟ್ಟೋದು ಮೂಳೆ ಒಳಗಿನ ಮಜ್ಜೆಯಲ್ಲಿ" ಅಂದರು. ಎದೆಮೂಳೆಯ ಹಿಂದೆ ಒಂದು ಸೊನ್ನೆ ಹಾಕಿದರು. "ಇಲ್ಲಿ ಥೈಮಸ್ ಅಂತ ಐತೆ. ಆ ಕಣಗಳಲ್ಲಿ ಒಂದು ಜಾತಿಯವು ಚಿಕ್ಕ ವಯಸ್ಸಲ್ಲೇ ಇಲ್ಲಿಗೆ ಬಂದು ಪಾಠ ಕಲೀತವೆ, ನಮ್ಮೋರು ಯಾರು, ಹೊರಗಿನೋರು ಯಾರು ಅಂತ. ಇನ್ನು ಕತ್ತು, ಕಂಕುಳು, ತೊಡೆಸಂದಿ, ಇಲ್ಲೆಲ್ಲ ಸಣ್ಣ ಸಣ್ಣ ಗ್ರಂಥಿ. ಕಾಲಿಗೆ ಮುಳ್ಳು ಚುಚ್ಚಿ ಕೀವಾದ್ರೆ ತೊಡೆಸಂದಿಲಿ ಗಂಟು ಬರಲ್ವಾ? ಅದೇ. ಕಾಲಿಂದ ಬಂದ ರೋಗಾಣುನ ಅಲ್ಲೇ ಅಡ್ಡ ಹಾಕಿರುತ್ತೆ. ಗಂಟಲಲ್ಲಿ ಟಾನ್ಸಿಲ್ ಕೂಡ ಇದೇ ಕೆಲಸದ್ದು."

ಎಡಪಕ್ಕೆಯ ಕೆಳಗೆ ಒಂದು ಗೀಟು ಹಾಕಿ, ಅದರ ಮೇಲೆ ಅಡ್ಡ ಎಳೆದರು. "ಗುಲ್ಮ ಇದ್ದಿದ್ದು ಇಲ್ಲಿ. ಇದು ರಕ್ತವನ್ನೇ ಸೋಸೋದು. ಕೆಲವು ರೋಗಾಣು ಮೈಮೇಲೆ ಜಾರೋ ಪೊರೆ ಹೊದ್ಕೊಂಡಿರ್ತವೆ, ಸುಲಭಕ್ಕೆ ಕೈಗೆ ಸಿಕ್ಕಲ್ಲ. ಅವನ್ನ ಹಿಡಿದು ಹಾಕೋದ್ರಲ್ಲಿ ಗುಲ್ಮ ಬಿಟ್ರೆ ಇಲ್ಲ. ಮಿಕ್ಕ ಅಂಗಗಳು ಒಂದಿಷ್ಟು ಕೈ ಜೋಡಿಸ್ತವೆ, ಆದ್ರೆ ಸಾಲಲ್ಲ."

ಅಂಬುಜಕ್ಕ ಆ ಅಡ್ಡಗೀಟನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಕೇಳಿದಳು: "ಹುಳುಮನೆ ಬಾಗ್ಲಲ್ಲಿ ಕಾಲು ಅದ್ದಕ್ಕೆ ಬ್ಲೀಚಿಂಗ್ ನೀರಿನ ತಟ್ಟೆ ಮಡಗ್ತೀವಲ್ಲ ಮೇಡಂ, ನಂಗೆ ಆ ತಟ್ಟೆ ಇಲ್ಲ ಅನ್ನಿ?"

"ಅಷ್ಟೇ ಕಣ್ರೀ!" ಡಾಕ್ಟರಮ್ಮ ಮೇಜು ತಟ್ಟಿದರು. "ಅದಕ್ಕೇ ಮೂರು ಮಾತು ಹೇಳ್ತೀನಿ. ಚುಚ್ಚುಮದ್ದು ತಪ್ಪಿಸಬಾರದು. ಈ ಆಂಟಿಬಯಾಟಿಕ್ ಮಾತ್ರೆ ಯಾವಾಗಲೂ ಮನೇಲಿರಬೇಕು. ಚಳಿ ಅಂತ ಅನ್ನಿಸಿದ ಕೂಡಲೇ ಮಾತ್ರೆ ನುಂಗಿ, ಇದ್ದ ಬಟ್ಟೇಲಿ ಆಸ್ಪತ್ರೆಗೆ ಬರಬೇಕು. ನಾಳೆ ನೋಡೋಣ ಅನ್ನಂಗಿಲ್ಲ. ನಿಮಗೆ ನಾಳೆ ಇರಲ್ಲ."

ಮಾತ್ರೆಯನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಅವಳ ಅಡುಗೆಮನೆಯ ಗೂಡಿನಲ್ಲಿಟ್ಟೆ. ತಾರೀಖು ಮುಗಿದ ಹಾಗೆಲ್ಲ ನಾನೇ ಹೊಸದು ತಂದಿಡುತ್ತಿದ್ದೆ. ಮೊದಲ ಸುತ್ತಿನ ಚುಚ್ಚುಮದ್ದು ಬೆಂಗಳೂರಿನಲ್ಲೇ ಆಗಿತ್ತು. ಎರಡನೇ ಸುತ್ತಿಗೆ ಕರೆದಾಗ ಹುಳು ಪೊರೆ ಬಿಟ್ಟು ಎದ್ದಿವೆ, ಮೇವು ಹಾಕಬೇಕು ಅಂದಳು, ಇನ್ನೊಮ್ಮೆ ಕರೆದಾಗ ಸೊಪ್ಪು ಕೊಯ್ಯಬೇಕು ಅಂದಳು. ಊರ ಮಕ್ಕಳನ್ನೆಲ್ಲ ಕಂಕುಳಲ್ಲಿ ಎತ್ತಿಕೊಂಡು ಹೋಗಿ ಚುಚ್ಚಿಸುವ ನಾನು ನನ್ನ ವಾರಗಿತ್ತಿಯನ್ನು ಎಳೆದುಕೊಂಡು ಹೋಗಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ. ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು.

ಇನ್ನು ಅವಳ ಹುಳುಮನೆಯ ಕಾನೂನು. ಬ್ಲೀಚಿಂಗ್ ನೀರಿಗೆ ಕಾಲು ಅದ್ದದೆ ಹೊಸ್ತಿಲು ದಾಟುವ ಹಾಗಿಲ್ಲ. ಒಗ್ಗರಣೆ ವಾಸನೆ ಮೈಗೆ ಹತ್ತಿದ್ದರೆ ಇಲ್ಲ. ಸಾವಿನ ಮನೆಗೆ ಹೋಗಿಬಂದವರು, ಆಸ್ಪತ್ರೆಗೆ ಹೋಗಿಬಂದವರು, ಕೆಮ್ಮುವವರು, ಮೈ ಬಿಸಿ ಇರುವವರು ಯಾರೂ ಒಳಗೆ ಬರಕೂಡದು. ಅತ್ತೆ ದೊಡ್ಡಲಕ್ಷ್ಮಮ್ಮನಿಗೆ ಎರಡು ಸೀನು ಬಂದದ್ದಕ್ಕೆ ಹೊರಗೆ ಕೂರಿಸಿದ್ದಳು. ಹೋದ ವರ್ಷ ನಾನು ಸೀತಾಳೆ ಸಿಡುಬು ಎದ್ದ ಮನೆಗೆ ಹೋಗಿ ಬಂದು, ತಿಳಿಯದೆ ಹೊಸ್ತಿಲ ಮೇಲೆ ಕಾಲಿಟ್ಟೆ. ನಾಲ್ಕು ಜನರ ಮುಂದೆ ತೋಳು ಹಿಡಿದು ಈಚೆಗೆ ದಬ್ಬಿದಳು. "ಊರ ಕಾಯಿಲೆಯೆಲ್ಲ ಬ್ಯಾಗಲ್ಲಿ ಹೊತ್ಕಂಡು ತಿರುಗೋಳು ನೀನು. ಇನ್ನೊಂದ್ ಸಲ ಈ ಬಾಗ್ಲು ಮೆಟ್ಟಬೇಡ" ಅಂದಳು. ನಾನೂ ಸುಮ್ಮನಿರಲಿಲ್ಲ, "ನಿನ್ನ ಹುಳ ನಿನಗೇ ಇರಲಿ, ಕಾಯ್ಕೊಂಡು ಕೂರು" ಅಂದೆ. ಅಲ್ಲಿಂದಾಚೆ ಆ ಬಾಗಿಲು ನಾನು ಮೆಟ್ಟಿರಲಿಲ್ಲ, ಅವಳ ಜೊತೆ ಮಾತೂ ಅಷ್ಟಕ್ಕಷ್ಟೇ.

ಈ ವರ್ಷ ಆಷಾಢದಲ್ಲಿ, ಒಂದು ಮಂಗಳವಾರ. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಏಳನೇ ದಿನ. ಇವತ್ತೋ ನಾಳೆಯೋ ಹಣ್ಣಾಗುವ ಹೊತ್ತು. ಹಣ್ಣಾಗುವುದು ಅಂದರೆ ಹುಳು ಮೇವು ಬಿಟ್ಟು, ಮೈ ಕನ್ನಡಿಯ ಹಾಗಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆಯ್ದು ಚಂದ್ರಿಕೆಯ ಮೇಲೆ, ಅಂದರೆ ಗೂಡು ಕಟ್ಟಲು ಹೆಣೆದ ಬಿದಿರು ತಟ್ಟಿಯ ಮೇಲೆ, ಬಿಡಬೇಕು. ಹೊತ್ತು ಮೀರಿತೋ, ಸಿಕ್ಕಿದಲ್ಲೇ ನೂಲು ಕಕ್ಕಿ ಕೆಡುತ್ತದೆ. ಆ ದಿನ ಅಂಬುಜಕ್ಕನ ಬೆರಳಿಲ್ಲದೆ ಆಗುವುದಿಲ್ಲ. ಹಣ್ಣಾದ ಹುಳು ನಮ್ಮ ಕಣ್ಣಿಗೆ ಕಾಣುವ ಮೊದಲೇ ಅವಳ ಬೆರಳಿಗೆ ಗೊತ್ತಾಗುತ್ತದೆ.

ಹನ್ನೊಂದು ಗಂಟೆಗೆ ಮನೆಭೇಟಿ ಮುಗಿಸಿ ಅಂಗಳಕ್ಕೆ ಬಂದೆ. ಅಂಬುಜಕ್ಕ ಹುಳುಮನೆಯ ಗೋಡೆಗೆ ಒರಗಿ ಬಿಸಿಲಲ್ಲಿ ಕೂತಿದ್ದಳು. ಕೆಲಸದ ದಿನ ಕೂರುವ ಹೆಂಗಸಲ್ಲ ಅವಳು. ಮೇಲೆ ಗೋಣಿತಾಟು ಹೊದ್ದಿದ್ದಳು, ಅದರ ಅಂಚು ಅದುರುತ್ತಿತ್ತು.

"ಅಕ್ಕ, ಚಳಿಯಾ?"

"ಗಾಳಿ ಕಣಮ್ಮಿ. ಹೋಗು, ಕೆಲ್ಸ ನೋಡು."

ಹತ್ತಿರ ಹೋಗಿ ಹಣೆ ಮುಟ್ಟಲು ಕೈ ಚಾಚಿದೆ. ತಟ್ಟಿದಳು. ತಟ್ಟಿದ ಕೈ ಐಸಿನ ಹಾಗಿತ್ತು. ಬ್ಯಾಗಿನಿಂದ ಥರ್ಮಾಮೀಟರ್ ತೆಗೆದೆ. ಅದನ್ನು ನೋಡಿದ್ದೇ ತಡ, ಅವಳು ಗೋಡೆ ಹಿಡಿದುಕೊಂಡು ಎದ್ದು ಹುಳುಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿತು. ನಾನು ಆ ಹೊಸ್ತಿಲು ಮೆಟ್ಟುವುದಿಲ್ಲ ಅಂತ ಅವಳಿಗೆ ಗೊತ್ತು. ಅದಕ್ಕೇ ಅಲ್ಲಿಗೆ ಹೋದಳು, ಚಾಂಡಾಲಿ.

"ಅಕ್ಕ! ಬಾಗ್ಲು ತೆಗಿ! ಡಾಕ್ಟ್ರಮ್ಮ ಹೇಳಿದ್ದು ಮರೆತೋಯ್ತಾ?"

"ಸಂಜಿಗಂಟ ಬುಡು ನನ್ನ. ಹಣ್ಣಾಯ್ತಾವೆ. ಇವುನ್ನ ಹತ್ತಿಸಿ ಬತ್ತೀನಿ."

ಸೊಪ್ಪಿನ ಹೊರೆ ಹೊತ್ತು ಬೈರಪ್ಪ ಭಾವ ಬಂದ. ನನ್ನ ಕಿರುಚಾಟ ಕೇಳಿ ಹೊರೆ ಇಳಿಸಿ ನಿಂತ. "ಏನವ್ವ ಇದು, ಹುಳಿನ ಮನೆ ಮುಂದೆ ಗಲಾಟೆ?"

"ಭಾವ, ಅಕ್ಕಂಗೆ ಚಳಿ ಜ್ವರ. ಈಗ್ಲೇ ಮಾಗಡಿಗೆ ಕರ್ಕಂಡೋಗ್ಬೇಕು."

"ಬೆಳಿಗ್ಗೆ ನೋಡ್ದೆ ಕಣವ್ವ, ಮೈ ತಣ್ಣಗಿತ್ತು. ರಾತ್ರಿ ಒಸಿ ಬಿಸಿ ಇತ್ತು, ಮಾತ್ರೆ ನುಂಗುದ್ಲು, ಇಳೀತು."

"ಯಾವ ಮಾತ್ರೆ? ಡಬ್ಬಿದಾ?"

"ಅಂಗಡಿದು. ಜ್ವರದ್ದು."

ಜ್ವರದ ಮಾತ್ರೆ ಜ್ವರ ಇಳಿಸುತ್ತದೆ, ರೋಗ ಇಳಿಸುವುದಿಲ್ಲ. ಹದಿಮೂರು ವರ್ಷದಿಂದ ಊರಿಗೆಲ್ಲ ಇದನ್ನೇ ಒದರುತ್ತಿದ್ದೇನೆ, ನನ್ನ ಅಂಗಳದಲ್ಲೇ ಕೇಳಿದವರಿಲ್ಲ. ಅಂದರೆ ನಿನ್ನೆ ರಾತ್ರಿಯಿಂದ ಹದಿನೈದು ಗಂಟೆ ಕಳೆದುಹೋಗಿತ್ತು. ನಿಮಗೆ ನಾಳೆ ಇರಲ್ಲ ಅಂದಿದ್ದರು ಡಾಕ್ಟರಮ್ಮ, ಇವಳು ಆ ನಾಳೆಯಲ್ಲೇ ಕೂತಿದ್ದಳು.

ಅಡುಗೆಮನೆಗೆ ಓಡಿದೆ. ಮೊದಲು ಎರಡು ಮಾತ್ರೆ ನುಂಗಿಸೋಣ, ಮಿಕ್ಕಿದ್ದು ದಾರಿಯಲ್ಲಿ ಅಂತ. ಗೂಡಿನಲ್ಲಿ ಡಬ್ಬಿ ಇತ್ತು. ಮುಚ್ಚಳ ತೆಗೆದೆ. ಚೀಟಿ ಇತ್ತು, ಡಾಕ್ಟರಮ್ಮ ಬರೆದ ಮನುಷ್ಯನ ಚಿತ್ರ ಇತ್ತು, ಮಾತ್ರೆಯ ಹಾಳೆಯೂ ಇತ್ತು. ಹತ್ತಕ್ಕೆ ಹತ್ತೂ ಗುಳಿ ಒಡೆದು ಖಾಲಿ.

ಡಬ್ಬಿ ಹಿಡಿದುಕೊಂಡೇ ಹುಳುಮನೆಯ ಬಾಗಿಲಿಗೆ ಬಂದು ಬಡಿದೆ. "ಅಕ್ಕ, ಮಾತ್ರೆ ಎಲ್ಲಿ? ಹತ್ತೂ ನೀನೇ ನುಂಗಿದ್ಯಾ?"

ಒಳಗೆ ಹುಳು ಸೊಪ್ಪು ಕಡಿಯುವ ಸರಸರ. ಆಮೇಲೆ ಸಣ್ಣ ದನಿ ಬಂತು.

"ಹುಳಕ್ಕೆ ಹಾಕ್ದೆ."

"ಏನಂದೆ?"

"ಹೋದ ವಾರ ಮೂಲೆ ತಟ್ಟೇಲಿ ಸಪ್ಪೆ ರೋಗ ಕಾಣುಸ್ತು. ಮಲಗಿದ್ ಹುಳ ಮಲಗಿದಂಗೇ ಕಪ್ಪಾಯ್ತಿದ್ವು. ಅದುನ್ನ ಪುಡಿ ಮಾಡಿ, ನೀರಲ್ಲಿ ಕಲಸಿ, ಸೊಪ್ಪಿನ ಮ್ಯಾಲೆ ಎರಚಿದೆ. ನಿಂತೋಯ್ತು ಕಣಮ್ಮಿ. ಒಂದೂ ಸಾಯಲಿಲ್ಲ ಆಮೇಲೆ."

ಅಯ್ಯೋ ಶಿವನೇ! ಅವಳ ದನಿಯಲ್ಲಿ ಹೆಮ್ಮೆ ಇತ್ತು. ನಮ್ಮ ಕಡೆ ಹುಳಕ್ಕೆ ಸಪ್ಪೆ ರೋಗ ಬಂದರೆ ಮನುಷ್ಯರ ಮಾತ್ರೆ ತಂದು ಸೊಪ್ಪಿಗೆ ಎರಚುವುದು ಹೊಸದಲ್ಲ, ಬೇಡ ಅಂದರೂ ಎರಚುತ್ತಾರೆ. ಆದರೆ ತನ್ನ ಜೀವಕ್ಕೆ ಇಟ್ಟಿದ್ದನ್ನು! ನಾನು ನನ್ನ ಕೈಯಾರೆ ತಂದಿಟ್ಟಿದ್ದನ್ನು! ಬೇಕು ಅಂದಿದ್ದರೆ ಇನ್ನೊಂದು ಹಾಳೆ ತಂದುಕೊಡುತ್ತಿದ್ದೆ. ಕೇಳುವಷ್ಟು ಮಾತು ನಮ್ಮ ನಡುವೆ ಉಳಿದಿರಲಿಲ್ಲವಲ್ಲ.

"ಭಾವ, ಬಾಗ್ಲು ಒಡಿ."

"ಹುಳ..." ಅಂದ ಭಾವ. ಅವನ ಮುಖ ನೋಡಿದರೆ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. "ಇವತ್ತೊಂದಿನ ಕಣವ್ವ. ಹೊರಗಿನ ಗಾಳಿ ನುಗ್ಗುದ್ರೆ..."

"ನಿನ್ ಹುಳಕ್ಕೆ ಬೆಂಕಿ ಬೀಳಾ! ಹೆಂಡ್ತಿ ಸತ್ರೆ ಅವು ನೂತ ರೇಷ್ಮೇಲೇ ಸುತ್ತಿ ಮಣ್ಣು ಮಾಡ್ತೀಯಾ?"

ಜಗಲಿಯಿಂದ ಅತ್ತೆ ದೊಡ್ಡಲಕ್ಷ್ಮಮ್ಮ ಎದ್ದು ಬಂದರು. ಎಪ್ಪತ್ತೈದರ ಮುದುಕಿ, ಕೈಯಲ್ಲಿ ಊರುಗೋಲು. ಮಗನ ಮುಖವನ್ನೂ ನೋಡದೆ ಬಾಗಿಲ ಮುಂದೆ ನಿಂತು, ಅದೇ ಕೋಲಿನಿಂದ ಕಿಟಕಿಯ ಸೊಳ್ಳೆಪರದೆಯನ್ನು ಒಂದೇ ಏಟಿಗೆ ಹರಿದರು. "ಈಗ ಗಾಳಿ ಹೋಗಾಯ್ತಲ್ಲ. ಇನ್ಯಾಕ್ಲಾ ನಿಂತಿದ್ದೀಯಾ, ಒಡಿಯೋ" ಅಂದರು. ಭಾವ ಭುಜ ಕೊಟ್ಟ. ಎರಡನೇ ಗುದ್ದಿಗೆ ಅಗುಳಿ ಕಿತ್ತು ಬಂತು.

ನಾನು ಕಾಲು ಅದ್ದಲಿಲ್ಲ. ಊರ ಧೂಳು ಹತ್ತಿದ ಚಪ್ಪಲಿಯಲ್ಲೇ ಒಳಗೆ ನುಗ್ಗಿದೆ. ಅವಳು ತಟ್ಟೆಗಳ ನಡುವೆ ನೆಲದಲ್ಲಿ ಕೂತಿದ್ದಳು, ಮಡಿಲಲ್ಲಿ ಒಂದು ಹಿಡಿ ಹುಳು. ನನ್ನ ಚಪ್ಪಲಿ ನೋಡಿದಳು, ಬೈಯಲು ಬಾಯಿ ತೆಗೆದಳು, ಬೈಗುಳ ಬರಲಿಲ್ಲ, ವಾಂತಿ ಬಂತು. ಕಂಕುಳಿಗೆ ಥರ್ಮಾಮೀಟರ್ ಸಿಕ್ಕಿಸಿದೆ. ತೊಂಬತ್ತೊಂಬತ್ತೂವರೆ.

"ಅಷ್ಟೇನಾ?" ಭಾವನಿಗೆ ಜೀವ ಬಂದ ಹಾಗಾಯಿತು. "ಜಾಸ್ತಿ ಏನಿಲ್ವಲ್ಲ."

ನಾನು ಅವಳ ಸೀರೆಯನ್ನು ಮೊಣಕಾಲ ತನಕ ಸರಿಸಿದೆ. ಮೀನಖಂಡದ ಮೇಲೆ ನೇರಳೆ ಹಣ್ಣು ಒರೆಸಿದ ಹಾಗೆ ಕಲೆಗಳು. ಬೆರಳಲ್ಲಿ ಒತ್ತಿದೆ. ಒತ್ತಿದರೂ ಮಾಸಲಿಲ್ಲ. ತರಬೇತಿಯಲ್ಲಿ ಇದನ್ನು ನಮಗೆ ತೋರಿಸಿದ್ದರು, ನೋಡಿದವರೆಲ್ಲ ಎದ್ದು ಓಡಬೇಕಾದ ಗುರುತು ಅಂತ. ಭಾವ ಆ ಕಲೆ ನೋಡಿದ. ಹುಳುವನ್ನು ಅವಳ ಮಡಿಲಿಂದ ತಟ್ಟೆಗೆ ಸುರಿದು, ಅವಳನ್ನು ಮಗುವಿನ ಹಾಗೆ ಎತ್ತಿಕೊಂಡ.

ನೂರೆಂಟಕ್ಕೆ ಫೋನು ಮಾಡಿದರೆ ಗಾಡಿ ಸೋಲೂರಿನ ಕಡೆ ಹೋಗಿದೆ, ಮುಕ್ಕಾಲು ಗಂಟೆ ಅಂದರು. ಮುಕ್ಕಾಲು ಗಂಟೆ ನಮ್ಮ ಹತ್ತಿರ ಇರಲಿಲ್ಲ. ಮಧುಕುಮಾರನ ಲಗೇಜ್ ಆಟೋ ಬೀದಿಯಲ್ಲೇ ನಿಂತಿತ್ತು. ನಮ್ಮೂರ ಗೂಡನ್ನೆಲ್ಲ ರಾಮನಗರಕ್ಕೆ ಸಾಗಿಸುವವನು ಅವನೇ. ಹಿಂದುಗಡೆ ಗೂಡಿನ ಚೀಲ ಹಾಸಿ ಅವಳನ್ನು ಮಲಗಿಸಿದೆವು, ತಲೆ ನನ್ನ ತೊಡೆಯ ಮೇಲೆ.

"ಮಧು, ಹಳ್ಳ ದಿಣ್ಣೆ ಏನೂ ನೋಡಬೇಡ ಕಣಪ್ಪ, ಹೊಡಿ."

"ಹಿಡ್ಕಳಿ ಲತಕ್ಕ" ಅಂದ. ಮಾಗಡಿ ತಲುಪುವ ತನಕ ತಿರುಗಿ ನೋಡಲಿಲ್ಲ.

ಡಾಕ್ಟರ್ ಶೀಬಾಗೆ ಫೋನು ಹಚ್ಚಿದೆ. ಗಾಳಿಯಲ್ಲಿ ಕೂಗಿ ಕೂಗಿ ಹೇಳಿದೆ: ಗುಲ್ಮ ಇಲ್ಲದ ಕಲ್ಯದ ಅಂಬುಜಮ್ಮ, ರಾತ್ರಿಯಿಂದ ಜ್ವರ, ವಾಂತಿ, ಕಾಲಲ್ಲಿ ಕಲೆ.

"ಮನೇಲಿದ್ದ ಮಾತ್ರೆ ಕೊಟ್ರಾ?"

"ಇಲ್ಲ ಮೇಡಂ. ಮಾತ್ರೆ ಇಲ್ಲ."

"ಯಾಕಿಲ್ಲ?"

"ಹುಳ ತಿಂದ್ವು ಮೇಡಂ."

ಬೇರೆ ಯಾರಾದರೂ ಆಗಿದ್ದರೆ ಏನು ಅಂತ ಕೇಳುತ್ತಿದ್ದರು. ಅವರು ಕೇಳಲಿಲ್ಲ. "ಯಾ ಅಲ್ಲಾ... ಸಪ್ಪೆ ರೋಗಕ್ಕಾ?" ಅಂದರು. ಆಮೇಲೆ ದನಿ ಬದಲಾಯಿತು. "ಗೇಟಲ್ಲೇ ನಿಂತಿರ್ತೀನಿ. ಮಾತಾಡಿಸ್ತಾ ಇರಿ, ನಿದ್ದೆ ಮಾಡಕ್ಕೆ ಬಿಡಬೇಡಿ."

ಮಾತಾಡಿಸುವುದೇ? ಒಂದು ವರ್ಷದ ಮಾತು ನನ್ನ ಹೊಟ್ಟೆಯಲ್ಲಿ ಕೊಳೆಯುತ್ತಿತ್ತು. ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಹುಳಕ್ಕೆ ಬ್ಲೀಚಿಂಗು, ಹುಳಕ್ಕೆ ಸುಣ್ಣ, ಹುಳುಮನೆಯ ಗೋಡೆಗೆ ಥರ್ಮಾಮೀಟರು, ಅದನ್ನು ದಿನಕ್ಕೆ ನಾಲ್ಕು ಸಲ ನೋಡುತ್ತೀಯ, ನಿನ್ನ ಕಂಕುಳಿಗೆ ಒಂದು ಸಲ ಇಟ್ಟುಕೊಳ್ಳಲು ಏನು ರೋಗ ನಿನಗೆ ಅಂದೆ. ಬೈಯುತ್ತ ಬೈಯುತ್ತ ಅಳುತ್ತಿದ್ದೆ ಅಂತ ಆಮೇಲೆ ಭಾವ ಹೇಳಿದ. ನನಗೆ ಗೊತ್ತಾಗಲಿಲ್ಲ.

ಅವಳು ಅರೆಗಣ್ಣು ಬಿಟ್ಟಳು. "ನೀ ಒಳಕ್ ಬರಬಾರದಾಗಿತ್ತು. ಚಪ್ಲಿ ಹಾಕಿದ್ದೆ" ಅಂದಳು.

"ಹೂಂ, ಹಾಕಿದ್ದೆ. ಇನ್ನೊಂದ್ಸಲ ಹಾಕ್ಕಂಡೇ ಬತ್ತೀನಿ. ಎದ್ದು ದಬ್ಬು ನೋಡಾನ."

"ಹೇಳುದ್ರೆ ಒಳಕ್ಕೆ ಬುಡ್ತಿರ್ಲಿಲ್ಲ ಕಣಮ್ಮಿ ನನ್ನ" ಅಂದಳು. ನಾಲಿಗೆ ತೊದಲುತ್ತಿತ್ತು.

"ಯಾರು ಬುಡ್ತಿರ್ಲಿಲ್ಲ?"

"ನಾನೇ. ನನ್ ಕಾನೂನು ತಾನೇ. ಮೈ ಬಿಸಿ ಇದ್ರೆ ಬರಂಗಿಲ್ಲ... ನಾ ಇಲ್ದೆ ಹಣ್ಣು ಆಯೋರು ಯಾರು?"

ಅವಳ ಬಲಗೈ ನನ್ನ ಕೈಯಲ್ಲಿತ್ತು, ಬೆರಳ ತುದಿಗಳು ನೀಲಿಗೆ ತಿರುಗುತ್ತಿದ್ದವು. ಉಜ್ಜಿದೆ, ಬಾಯಿಯ ಹಬೆ ಹಾಕಿದೆ, ಸೆರಗಲ್ಲಿ ಸುತ್ತಿದೆ. ನೀಲಿ ಹೋಗಲಿಲ್ಲ. ಎದುರಿನಿಂದ ಹಾಲಿನ ಟ್ಯಾಂಕರು ಬಂದು ರಸ್ತೆ ಕಿರಿದಾಯಿತು, ಮಧು ಆಟೋವನ್ನು ಹೊಲದ ಬದುವಿಗೆ ಇಳಿಸಿ ಮತ್ತೆ ಹತ್ತಿಸಿದ. ಆ ಕುಲುಕಿಗೆ ಅವಳ ತಲೆ ನನ್ನ ತೊಡೆಯಿಂದ ಜಾರಿತು, ಕಣ್ಣು ಮುಚ್ಚಿತು. ಕೆನ್ನೆಗೆ ಹೊಡೆದೆ. ನಿಜವಾಗಿ ಹೊಡೆದೆ.

"ಅಕ್ಕ! ಸೊಪ್ಪು ಹಾಕಿಲ್ಲ ಕಣೇ, ಹುಳ ಹಸ್ಕೊಂಡವೆ!"

ಕಣ್ಣು ತೆಗೆದಳು. ಸುಳ್ಳಾಡಿದ್ದಕ್ಕೆ ದೇವರು ನನ್ನನ್ನು ಕ್ಷಮಿಸಲಿ, ಆ ದಾರಿಯ ಉದ್ದಕ್ಕೂ ಅದೊಂದೇ ಮಾತಿಗೆ ಅವಳು ಕಣ್ಣು ತೆಗೆಯುತ್ತಿದ್ದದ್ದು. ಹತ್ತು ಸಲ ಹೇಳಿರಬಹುದು. ಕೊನೆಗೆ ಅದಕ್ಕೂ ತೆಗೆಯಲಿಲ್ಲ.

ಡಾಕ್ಟರಮ್ಮ ನಿಜವಾಗಿಯೂ ಗೇಟಿನಲ್ಲೇ ನಿಂತಿದ್ದರು, ಕೈಯಲ್ಲಿ ಸಿರಿಂಜು. ಆಟೋದಿಂದ ಇಳಿಸುವುದಕ್ಕೂ ಕಾಯದೆ, ಗೂಡಿನ ಚೀಲದ ಮೇಲೆ ಮಲಗಿದ್ದ ಹಾಗೆಯೇ ತೋಳಿನ ನರ ಹುಡುಕಿ ಆಂಟಿಬಯಾಟಿಕ್ ಏರಿಸಿದರು. ನರ ಎರಡು ಸಲ ತಪ್ಪಿತು, ಮೂರನೇ ಸಲ ಸಿಕ್ಕಿತು. ಆಗ ಹನ್ನೆರಡೂ ಹತ್ತು, ಫೋನಿನಲ್ಲಿ ಹೊತ್ತು ನೋಡಿದ್ದು ನೆನಪಿದೆ. ರಕ್ತದೊತ್ತಡ ನೋಡಿದ ನರ್ಸಮ್ಮ ಅಂಕಿಯನ್ನು ಜೋರಾಗಿ ಹೇಳಲಿಲ್ಲ, ಡಾಕ್ಟರಮ್ಮನಿಗೆ ತೋರಿಸಿದಳು. ಎರಡು ಬಾಟಲಿ ನೀರು ಏರಿಸಿ, ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು.

ಹೊರಡುವ ಮುಂಚೆ ಕೇಳಿದೆ: "ಮೇಡಂ, ಬದುಕ್ತಾಳಾ?"

"ಗೊತ್ತಿಲ್ಲ ಲತಾಮಣಿ. ನೀವು ಇವತ್ತು ಸಂಜೆವರೆಗೂ ಕಾದಿದ್ರೆ ಗೊತ್ತಿರ್ತಿತ್ತು" ಅಂದರು. ಅಂದರೆ ಏನು ಅಂತ ಆಂಬುಲೆನ್ಸು ತಾವರೆಕೆರೆ ದಾಟುವಾಗ ಹೊಳೆಯಿತು.

ಆರು ದಿನ ಅವಳಿಗೆ ಪ್ರಜ್ಞೆ ಇರಲಿಲ್ಲ. ಬಾಯಿಗೆ ಕೊಳವೆ, ಕತ್ತಿಗೆ ಕೊಳವೆ. ನಾನು ಹೊರಗೆ ಕುರ್ಚಿಯಲ್ಲಿ ಕೂತು ಅವಳ ಚುಚ್ಚುಮದ್ದಿನ ಕಾರ್ಡನ್ನು ನೋಡುತ್ತಿದ್ದೆ. ಎರಡನೇ ಸುತ್ತಿನ ಮನೆ ಖಾಲಿ. ಆ ಖಾಲಿ ಮನೆ ತುಂಬಿದ್ದರೂ ಹೀಗೆ ಆಗಬಹುದಿತ್ತು ಅಂತ ಡಾಕ್ಟರುಗಳು ಸಮಾಧಾನ ಹೇಳಿದರು. ನಾನು ಸಮಾಧಾನ ತೆಗೆದುಕೊಳ್ಳಲಿಲ್ಲ. ಏಳನೇ ದಿನ ಕಣ್ಣು ಬಿಟ್ಟಳು. ಕೊಳವೆ ತೆಗೆದ ಮೇಲೆ ಮೊದಲು ಕೇಳಿದ್ದು ಹುಳು ಏನಾದವು ಅಂತ. ಮತ್ತೇನು ಕೇಳುತ್ತಾಳೆ ಮಹಾತಾಯಿ!

ಹುಳು ಚೆನ್ನಾಗಿಯೇ ಇದ್ದವು. ಅವತ್ತು ಮಧ್ಯಾಹ್ನವೇ ಹಣ್ಣಾದವು. ಅತ್ತೆ ಬೀದಿಯ ಹೆಂಗಸರನ್ನೆಲ್ಲ ಕೂಗಿ, ಕಾಲು ಅದ್ದಿಸಿ ಒಳಗೆ ಬಿಟ್ಟು, ತಾವು ಬಾಗಿಲಲ್ಲಿ ಕೋಲು ಹಿಡಿದು ಕೂತಿದ್ದರಂತೆ. ಹರಿದ ಸೊಳ್ಳೆಪರದೆಯಿಂದ ಗಾಳಿ ನುಗ್ಗಿತು, ನನ್ನ ಚಪ್ಪಲಿಯ ಧೂಳು ನುಗ್ಗಿತು, ಒಂದು ಹುಳಕ್ಕೂ ಏನೂ ಆಗಲಿಲ್ಲ. ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂತು. ಅದನ್ನು ಹೇಳಿದಾಗ ಅವಳು ನಕ್ಕಳು. ನನಗೆ ನಗಲು ಆಗಲಿಲ್ಲ.

ಜೀವ ಉಳಿಯಿತು, ಬೆರಳು ಉಳಿಯಲಿಲ್ಲ. ಬಲಗೈಯ ಮೂರು ಬೆರಳಿನ ತುದಿ ಕಪ್ಪಾಗಿ ಒಣಗಿ, ಎರಡು ತಿಂಗಳಾದ ಮೇಲೆ ಕಪ್ಪಾದಷ್ಟನ್ನೂ ಕತ್ತರಿಸಿದರು. ಮಿಕ್ಕ ಬೆರಳುಗಳು ಇವೆ, ಆದರೆ ತುದಿಯಲ್ಲಿ ಜೋಮು, ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ. ತಪ್ಪಿದ್ದ ಚುಚ್ಚುಮದ್ದೆಲ್ಲ ಈಗ ಆಗಿವೆ, ನಾನೇ ಕೈ ಹಿಡಿದು ಎಳೆದುಕೊಂಡು ಹೋದೆ, ಊರೆಲ್ಲ ನೋಡುವ ಹಾಗೆ. ಹೊಸ ಮಾತ್ರೆಯ ಹಾಳೆಯನ್ನು ಅವಳ ಡಬ್ಬಿಯಲ್ಲಿ ಇಡಲಿಲ್ಲ. ನನ್ನ ಬ್ಯಾಗಿನಲ್ಲಿ ಒಂದು, ಅತ್ತೆಯ ಸಂಚಿಯಲ್ಲಿ ಒಂದು. ಅತ್ತೆಯ ಎಲೆಅಡಿಕೆ ಸಂಚಿಗೆ ಕೈಹಾಕುವ ಧೈರ್ಯ ಅಂಬುಜಕ್ಕನಿಗೂ ಇಲ್ಲ. ದಿನಾ ಬೆಳಿಗ್ಗೆ ಅವಳು ಹುಳುಮನೆಯ ಥರ್ಮಾಮೀಟರ್ ನೋಡುವ ಮುಂಚೆ ನಾನು ಅವಳದನ್ನು ನೋಡುತ್ತೇನೆ. ಬಾಯಲ್ಲಿ ಕಡ್ಡಿ ಇರುವಷ್ಟು ಹೊತ್ತು ಅವಳಿಗೆ ಮಾತಾಡಲು ಆಗುವುದಿಲ್ಲ, ಆ ಒಂದು ನಿಮಿಷ ಅಂಗಳಕ್ಕೆಲ್ಲ ಸುಖ.

ಕಾರ್ತೀಕದಲ್ಲಿ ಮತ್ತೆ ಹುಳು ತಂದರು. ಬೇಡ ಅಂದರೆ ಕೇಳುವ ಜನವೇ? ಹಣ್ಣಾಗುವ ದಿನ ಬೆಳಿಗ್ಗೆ ನಾನು ಬ್ಯಾಗು ಹಾಕಿಕೊಂಡು ಹೊರಟಿದ್ದೆ. ಹುಳುಮನೆಯ ಬಾಗಿಲು ತೆರೆದಿತ್ತು. ಒಳಗೆ ಅವಳು ಒಂದು ಹುಳುವನ್ನು ಎತ್ತಿ ಹಿಡಿದು ನಿಂತಿದ್ದಳು. ಬೆರಳಲ್ಲಿ ಅತ್ತ ಇತ್ತ ಹೊರಳಿಸಿದಳು. ಕೆಳಗಿಟ್ಟಳು. ಇನ್ನೊಂದು ಎತ್ತಿದಳು. ಅದನ್ನೂ ಕೆಳಗಿಟ್ಟಳು. ಆಮೇಲೆ ಕೈಯನ್ನೇ ನೋಡಿಕೊಳ್ಳುತ್ತ ನಿಂತುಬಿಟ್ಟಳು. ನಾನು ಹೊರಗಿದ್ದೇನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ನಾನು ಬಾಗಿಲ ಎದುರೇ ನಿಂತೆ.

"ಅಲ್ಲಿ ನಿಂತ್ಕಂಡು ಏನ್ ನೋಡ್ತಿದ್ದೀಯಮ್ಮಿ?" ಅಂದಳು ತಿರುಗದೆಯೇ. "ಗೊತ್ತಾಗಾಕಿಲ್ಲ ನಂಗೆ. ಹಣ್ಣೋ ಕಾಯೋ ಒಂದೂ ಬೆರಳಿಗೆ ಸಿಕ್ತಾ ಇಲ್ಲ."

"ಭಾವನ್ನ ಕೂಗಲಾ?"

"ಅವನಿಗೇನ್ ಗೊತ್ತೈತೆ ಮಣ್ಣು. ಚಪ್ಲಿ ಬುಡು. ಕಾಲು ಅದ್ದು. ಬಾ ಒಳಕ್ಕೆ."

ಚಪ್ಪಲಿ ಬಿಟ್ಟೆ. ತಟ್ಟೆಯ ನೀರಿಗೆ ಎರಡೂ ಕಾಲು ಅದ್ದಿದೆ, ಬ್ಲೀಚಿಂಗ್ ವಾಸನೆ ಮೂಗಿಗೆ ಅಡರಿತು. ಬ್ಯಾಗು ಹೊರಗಿಡಲು ಹೋದೆ.

"ಅದುನ್ನೂ ತತ್ತಾ" ಅಂದಳು. "ಮಾತ್ರೆ ಅದ್ರಾಗೇ ತಾನೇ ಇರಾದು."

ಒಳಗೆ ಹೋದೆ. ನನ್ನ ಅಂಗೈ ಮೇಲೆ ಒಂದು ಹುಳು ಇಟ್ಟಳು. ಹಗುರಕ್ಕೆ, ತಣ್ಣಗೆ, ಮೆತ್ತಗೆ ಇತ್ತು. ಬೆಳಕಿಗೆ ಹಿಡಿದು ನೋಡಿದೆ, ಮೈಯೊಳಗೆ ಹಳದಿ ಹೊಳೆಯುತ್ತಿತ್ತು. ಅವಳು ಅದನ್ನು ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

"ಹೇಳು" ಅಂದಳು.

"ಹಣ್ಣು" ಅಂದೆ.

ಅವಳು ಚಂದ್ರಿಕೆಯನ್ನು ನನ್ನ ಮುಂದೆ ಹಿಡಿದಳು.